ಕೇಳದೆ ಪಡೆದ ತ್ಯಾಗ



ನಮ್ಮ ಗ್ರಾಮಾಂತರದ ಒಕ್ಕಲುಮನೆಗಳಲ್ಲಿ ನಡೆಯುವ ಒಂದು ಸಣ್ಣ ಸಮಾರಂಭವನ್ನು ತಾವೆಲ್ಲರೂ ಕಂಡಿದ್ದೀರಿ. ಕೆಲವರು ಅದರಲ್ಲಿ ಸಾಕ್ಷಿದಾರರಾಗಿ ರುಜುವನ್ನೂ ಹಾಕಿರಬಹುದು. ಮನೆಯ ಯಜಮಾನರು ಲಿಂಗೈಕ್ಯರಾಗಿರುತ್ತಾರೆ. ಶಿವಗಣಾರಾಧನೆ ಮುಗಿದು ಎರಡು ಮೂರು ತಿಂಗಳು ಕಳೆದಿರುತ್ತವೆ. ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಗಳನ್ನು ಕರೆತರಲು ಅಣ್ಣನೇ ಸ್ವತಃ ಹೋಗುತ್ತಾನೆ. “ಉತಾರದಾಗ ಹೆಸರು ಏರಸಬೇಕಾಗೇತಿ, ನಿನ್ನದೊಂದು ಸಹಿ ಬೇಕವ್ವ” ಎನ್ನುತ್ತಾನೆ. ಆ ದಿನ ಮನೆಯಲ್ಲಿ ಹೋಳಿಗೆಯ ಅಡಿಗೆ. ಮರುದಿನ ತಾಲ್ಲೂಕು ಕೇಂದ್ರದ ಸಬ್‌ರಿಜಿಸ್ಟ್ರಾರ್ ಕಚೇರಿ. ದಸ್ತಾವೇಜು ಬರಹಗಾರನು ಮೊದಲೇ ಸಿದ್ಧಪಡಿಸಿದ ಹಕ್ಕುಬಿಡುಗಡೆ ಪತ್ರದ ಪ್ರತಿಯೊಂದು ಹಾಳೆಗೂ ಆಕೆಯ ಸಹಿ, ಯಂತ್ರದ ಮೇಲೆ ಹೆಬ್ಬೆರಳು, ಒಂದು ಭಾವಚಿತ್ರ. ಸಂಜೆಗೆ ಒಂದು ಸೀರೆ, ಒಂದು ಖಣ, ತುಂಬಿದ ಉಡಿ. “ದೊಡ್ಡ ಮನಸ್ಸಿನ ಹೆಣ್ಣುಮಗಳು, ತವರಿನ ಒಂದು ಗುಂಟೆಯನ್ನೂ ಬಯಸಲಿಲ್ಲ” ಎಂದು ಊರ ಹಿರಿಯರು ಕೊಂಡಾಡುತ್ತಾರೆ. ತ್ಯಾಗಮಯಿಯೆಂಬ ಬಿರುದು ಹೊತ್ತು ಆಕೆ ಗಂಡನ ಊರಿನ ಬಸ್ಸು ಹತ್ತುತ್ತಾಳೆ.

ಆ ತ್ಯಾಗ ನಿಜವಾಗಿಯೂ ತ್ಯಾಗವೇ ಎಂಬುದು ಈ ತಿಂಗಳ ನಮ್ಮ ವಿಚಾರ. ಇದು ನ್ಯಾಯಾಲಯಕ್ಕೆ ಸೇರಿದ ಪ್ರಶ್ನೆ, ಧರ್ಮಪೀಠಕ್ಕಲ್ಲ ಎಂದು ಹೇಳುವವರುಂಟು. ಪತ್ರವು ಸಿಂಧುವೋ ಅಸಿಂಧುವೋ ಎಂಬುದನ್ನು ನ್ಯಾಯಾಲಯ ಹೇಳಬಲ್ಲದು. ಆದರೆ ಕೊಟ್ಟವಳು ತಾನಾಗಿ ಕೊಟ್ಟಳೋ, ಅವಳ ಕೈಯಿಂದ ಕೊಡಿಸಿದರೋ ಎಂಬುದು ಮೊದಲು ಪಡೆದವನ ಅಂತಃಕರಣದ ಮುಂದೆ ನಿಲ್ಲಬೇಕಾದ ಪ್ರಶ್ನೆ. ತ್ಯಾಗವೆಂಬ ಶಬ್ದವನ್ನು ಪ್ರವಚನಗಳಲ್ಲಿ ಧಾರಾಳವಾಗಿ ಬಳಸುವವರು ನಾವು ಮಠಾಧೀಶರೇ. ಆದುದರಿಂದ ಆ ಶಬ್ದವು ಎಲ್ಲಿ ಸಲ್ಲುವುದಿಲ್ಲವೆಂದು ಹೇಳುವ ಹೊಣೆಯೂ ನಮ್ಮದೇ.

ಕೆಲವು ವರ್ಷಗಳ ಹಿಂದೆ ಪಾದಪೂಜೆಗೆ ಹೋದ ಮನೆಯೊಂದರಲ್ಲಿ, ಪ್ರಸಾದವಾದ ಮೇಲೆ, ಸುಮಾರು ಐವತ್ತರ ಪ್ರಾಯದ ಗೃಹಿಣಿಯೊಬ್ಬರು ತಮ್ಮ ತವರಿನ ಮಾತೆತ್ತಿದರು. ಸಹಿ ಮಾಡಿ ಹತ್ತು ವರ್ಷಗಳಾಗಿದ್ದವು. ಅದು ಏನೆಂಬುದು ಕಾಲೇಜಿಗೆ ಹೋಗುವ ಮಗಳು ಕಾಗದ ಓದಿ ಹೇಳಿದಾಗಲೇ ಅವರಿಗೆ ತಿಳಿದದ್ದು. “ಅಜ್ಜಾರ, ಹೊಲ ಹೋತಂತ ನನಗ ಸಂಕಟಿಲ್ರಿ. ಕೇಳಿದ್ರ ನಾನೇ ಕೊಡ್ತಿದ್ದೆ. ನನ್ನ ಕೇಳಲಿಲ್ಲ ನೋಡ್ರಿ, ಅದು ನುಂಗಲಾರದಂಗ ಆಗೇತಿ” ಎಂದರು. ನಾವು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಸ್ವತಂತ್ರ ಇಚ್ಛೆಯೆಂಬ ವಿಷಯದ ಮೇಲೆ ಪಾಶ್ಚಾತ್ಯರ ಗ್ರಂಥಗಳನ್ನು ಸಾಕಷ್ಟು ತಿರುವಿದ್ದುಂಟು. ಆ ತಾಯಿಯ ಮಾತಿನಷ್ಟು ಸ್ಪಷ್ಟವಾಗಿ ಆ ವಿಷಯವನ್ನು ಹೇಳಿದ ಪುಟ ನೆನಪಿಗೆ ಬರುವುದಿಲ್ಲ. ಆಕೆ ಕಳೆದುಕೊಂಡದ್ದು ಎರಡು ಎಕರೆಯನ್ನಲ್ಲ, ಕೊಡುವ ಅವಕಾಶವನ್ನು. ಅಣ್ಣನು ಹೊಲದೊಡನೆ ಅವಳ ಔದಾರ್ಯವನ್ನೂ ಎತ್ತಿಕೊಂಡು ಹೋಗಿದ್ದನು.

ಕೊಡುವುದೆಂದರೇನು? ಇದು ನನ್ನದು ಎಂದು ಬಲ್ಲವನು ಮಾತ್ರ ಕೊಡಬಲ್ಲ. ಕೊಡದಿರಲು ಸಾಧ್ಯವಿದ್ದವನು ಮಾತ್ರ ಕೊಡಬಲ್ಲ. ನಿದ್ರಿಸುತ್ತಿರುವವನ ಜೇಬಿನಿಂದ ಹಣ ತೆಗೆದು ಹುಂಡಿಗೆ ಹಾಕಿದರೆ ಅವನಿಗೆ ದಾಸೋಹದ ಪುಣ್ಯವುಂಟೆಂದು ಯಾರೂ ಹೇಳರು. ಇದು ನಾವು ಹೊಸದಾಗಿ ಕಂಡುಹಿಡಿದ ತರ್ಕವಲ್ಲ. ನಾರದಸ್ಮೃತಿಯು ‘ದತ್ತ’ಕ್ಕೆ ಎದುರಾಗಿ ‘ಅದತ್ತ’ವೆಂಬುದನ್ನು ಹೇಳುತ್ತದೆ, ಕೈಯಿಂದ ಕೈಗೆ ದಾಟಿದ್ದರೂ ಕೊಟ್ಟಂತಾಗದ ವಸ್ತುವಿಗೆ ಆ ಹೆಸರು. ಅದರಲ್ಲಿ ಹದಿನಾರು ಬಗೆ. ಭಯದಿಂದ ಕೊಟ್ಟದ್ದು, ದುಃಖದ ಆವೇಗದಲ್ಲಿ ಕೊಟ್ಟದ್ದು, ವಂಚನೆಗೊಳಗಾಗಿ ಕೊಟ್ಟದ್ದು, ಆರ್ತನು ಕೊಟ್ಟದ್ದು ಎಲ್ಲವೂ ಆ ಗುಂಪಿಗೆ ಸೇರುತ್ತವೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ‘ದತ್ತಾಪ್ರದಾನಿಕ’ವೆಂಬ ಪ್ರಕರಣವೇ ಇದೆ. ತಂದೆಯನ್ನು ಕಳೆದುಕೊಂಡು ಮೂರು ತಿಂಗಳಾಗದ ಮಗಳು, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಲ್ಲಿ, ಓದಿ ಹೇಳದ ಕಾಗದಕ್ಕೆ ಹಾಕಿದ ಸಹಿಯಲ್ಲಿ ಈ ಹದಿನಾರರ ಪೈಕಿ ಎಷ್ಟು ಸೇರಿವೆ ಎಂಬುದನ್ನು ತಾವೇ ಎಣಿಸಿ ನೋಡಬಹುದು.

ಇಲ್ಲಿ ಒಂದು ವಿಚಿತ್ರವಿದೆ. ಆ ಹದಿನಾರರಲ್ಲಿ ‘ಅಸ್ವತಂತ್ರ’ನು ಕೊಟ್ಟದ್ದೂ ಒಂದು. ಸ್ತ್ರೀಯು ಬಾಲ್ಯದಲ್ಲಿ ತಂದೆಯ, ಯೌವನದಲ್ಲಿ ಪತಿಯ, ಮುಪ್ಪಿನಲ್ಲಿ ಮಕ್ಕಳ ಅಧೀನಳು, ಎಂದೂ ಸ್ವತಂತ್ರಳಲ್ಲವೆಂದು ಸಾರಿದವರೂ ಸ್ಮೃತಿಕಾರರೇ. ಆ ಮಾತನ್ನು ನಮ್ಮ ಶರಣರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಆದರೆ ಒಪ್ಪುವವರನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ. ಮಗಳು ಓದಲು ಹೋಗಬೇಕೆಂದಾಗ, ವರನನ್ನು ಬೇಡವೆಂದಾಗ, ಸಭೆಯಲ್ಲಿ ಮಾತನಾಡಬೇಕೆಂದಾಗ ಅಸ್ವತಂತ್ರಳಾದವಳು, ಹಕ್ಕುಬಿಡುಗಡೆ ಪತ್ರದ ಮುಂದೆ ಕುಳಿತ ಆ ಅರ್ಧ ಗಂಟೆಯ ಮಟ್ಟಿಗೆ ಮಾತ್ರ ಸರ್ವಸ್ವತಂತ್ರಳಾಗುವುದು ಯಾವ ಶಾಸ್ತ್ರದಿಂದ? ಅವಳನ್ನು ಅಸ್ವತಂತ್ರಳೆನ್ನುವುದಾದರೆ ಆ ಸಹಿ ಅದತ್ತ. ಸ್ವತಂತ್ರಳೆನ್ನುವುದಾದರೆ ಅವಳನ್ನು ಕೇಳಬೇಕು, ತಿಳಿಸಿ ಹೇಳಬೇಕು, ಒಲ್ಲೆನೆಂದರೆ ಒಪ್ಪಬೇಕು. ಎರಡು ದೋಣಿಗಳಲ್ಲಿ ಒಂದೊಂದು ಕಾಲಿಟ್ಟು ಈ ಹೊಳೆ ದಾಟಲಾಗದು.

ಈ ಪಿತ್ರಾರ್ಜಿತದ ವ್ಯವಸ್ಥೆ ಬೆಳೆದುಬಂದ ಬಗೆಯನ್ನು ನಮ್ಮ ಭಕ್ತರು ತಿಳಿದಿರುವುದು ಅವಶ್ಯ. ಅದರ ಮೂಲ ನಮ್ಮ ನೆಲದಲ್ಲಿಯೇ ಇದೆ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸ್ವತ್ತು ಎಂಬ ತತ್ತ್ವವನ್ನು ಅವನು ಸ್ಥಾಪಿಸಿದನು. ಆದರೆ ಆ ಹುಟ್ಟು ಗಂಡಿನ ಹುಟ್ಟು. ಅದೇ ವಿಜ್ಞಾನೇಶ್ವರನು ಸ್ತ್ರೀಧನವೆಂಬ ಶಬ್ದವನ್ನು ಬಹು ವಿಶಾಲವಾಗಿ ಅರ್ಥೈಸಿ, ವಾರಸಿಕೆಯಿಂದ, ವಿಭಾಗದಿಂದ, ಕ್ರಯದಿಂದ ಬಂದದ್ದೂ ಸ್ತ್ರೀಧನವೇ ಎಂದನು. ಬ್ರಿಟಿಷರ ಕಾಲದ ನ್ಯಾಯಪೀಠಗಳು ಆ ಔದಾರ್ಯವನ್ನು ಕಿರಿದುಗೊಳಿಸಿದವು. ಪುರುಷರಿಗೆ ಅನುಕೂಲವಾದ ಭಾಗ ಉಳಿದು, ಸ್ತ್ರೀಯರಿಗೆ ಅನುಕೂಲವಾದ ಭಾಗ ಸವೆದುಹೋದದ್ದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ವಿಜ್ಞಾನೇಶ್ವರನಾದ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಸ್ತ್ರೀಯರು ಅನುಭಾವಗೋಷ್ಠಿಯಲ್ಲಿ ಪುರುಷರ ಸಮಕ್ಕೆ ಕುಳಿತರು. ಆ ಗೋಷ್ಠಿಯ ಸಮತೆ ನಮ್ಮ ಪೂಜಾಗೃಹಕ್ಕೆ ಬಂದಿತು. ಹೊಲದ ಬದುವಿನವರೆಗೆ ಹೋಗಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿಯೇ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದು ಬಂದು, ಮನೆ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಪುತ್ರಿಯರಿಗೂ ಅಂಶವುಂಟೆಂದಿತು. ಸ್ವಾತಂತ್ರ್ಯಾನಂತರ 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವ ಅದರ ಎರಡನೆಯ ಪ್ರಕರಣದಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಆದುದರಿಂದ ಇದು ಇತರರ ಮನೆಯ ಕಾನೂನೆಂದು ನಮ್ಮವರು ಹೇಳುವಂತಿಲ್ಲ. ತಂದೆಯ ಸ್ವಯಾರ್ಜಿತದಲ್ಲಿಯೂ, ಜಂಟಿ ಕುಟುಂಬದೊಳಗಿನ ತಂದೆಯ ಅಂಶದಲ್ಲಿಯೂ ಮಗಳಿಗೆ ಮಗನಷ್ಟೇ ಪಾಲು ಅಂದಿನಿಂದಲೇ ಇತ್ತು. ಈ ಸಂಗತಿಯನ್ನು ಆ ಕಾಲದ ಎಷ್ಟು ಹೆಣ್ಣುಮಕ್ಕಳಿಗೆ ತಿಳಿಸಲಾಯಿತು? ಎಷ್ಟೋ ತಾಯಂದಿರು ಆ ಕಾಯಿದೆಯ ಹೆಸರನ್ನೇ ಕೇಳದೆ ಲಿಂಗೈಕ್ಯರಾದರು.

ಕರ್ನಾಟಕವು 1994ರ ಜುಲೈ 30ರಿಂದ ಮತ್ತೊಂದು ಹೆಜ್ಜೆಯಿಟ್ಟಿತು. ಮಗಳೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತಕ್ಕೆ ಸಹಭಾಗಿ ಎಂದಿತು. ಆದರೆ ಅಂದಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಹೀಗಾಗಿ ಜೂನ್ ತಿಂಗಳಿನಲ್ಲಿ ತಾಳಿ ಕಟ್ಟಿಸಿಕೊಂಡ ಅಕ್ಕನಿಗಿಲ್ಲದ ಹಕ್ಕು, ಮರುವರ್ಷ ಮದುವೆಯಾದ ತಂಗಿಗೆ ದೊರೆಯಿತು. ಕೇಂದ್ರದ ತಿದ್ದುಪಡಿಯು 2005ರ ಸೆಪ್ಟೆಂಬರ್ 9ರಿಂದ ಆ ಭೇದವನ್ನು ತೆಗೆದುಹಾಕಿತು. ತಂದೆಯು ಆ ದಿನ ಬದುಕಿರಬೇಕೋ ಬೇಡವೋ ಎಂಬ ವಿವಾದ ಮಾತ್ರ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು, ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಲೇಬೇಕೆಂದಿಲ್ಲ ಎಂದು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲುಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಿಭಾಗಗಳನ್ನು ಈ ತಿದ್ದುಪಡಿ ಕೆದಕುವುದಿಲ್ಲ. ಆದರೆ “ಬಾಯಿಮಾತಿನಲ್ಲಿ ಎಂದೋ ವಾಟ್ನಿಯಾಗಿದೆ” ಎಂಬ ಹೇಳಿಕೆಯನ್ನು ಸಾರ್ವಜನಿಕ ದಾಖಲೆಯ ಬೆಂಬಲವಿಲ್ಲದೆ ಸುಲಭವಾಗಿ ಒಪ್ಪಬಾರದೆಂದೂ ಅದೇ ತೀರ್ಪು ಹೇಳಿದೆ. ಈ ಒಂದು ವಾಕ್ಯ ನಮ್ಮ ಊರುಗಳಿಗೆ ಬಹು ಮುಖ್ಯವಾದದ್ದು.

ಇಷ್ಟೆಲ್ಲ ಆದ ಮೇಲೆಯೇ ಹಕ್ಕುಬಿಡುಗಡೆ ಪತ್ರಗಳು ಊರೂರಿನಲ್ಲಿ ವಾಡಿಕೆಯಾದುವೆಂಬುದನ್ನು ಗಮನಿಸಬೇಕು. ಹಕ್ಕಿಲ್ಲದ ಕಾಲದಲ್ಲಿ ಅವಳ ಸಹಿ ಯಾರಿಗೂ ಬೇಕಿರಲಿಲ್ಲ. ಹಕ್ಕು ಬಂದ ದಿನ ಸಹಿಗೆ ಬೆಲೆ ಬಂದಿತು. ಆ ಬೆಲೆಯನ್ನು ಸೀರೆಯಲ್ಲಿ ತೀರಿಸುವ ಸಂಪ್ರದಾಯವೂ ಅದರೊಡನೆ ಬೆಳೆಯಿತು.

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ನಾವು ಅನೇಕ ಪಡಸಾಲೆಗಳಲ್ಲಿ ಕೇಳಿದ್ದೇವೆ. “ಮದುವೆಗೆ ಖರ್ಚು ಮಾಡಿದೆವಲ್ಲ, ವರದಕ್ಷಿಣೆ ಕೊಟ್ಟೆವಲ್ಲ, ಅದೇ ಅವಳ ಪಾಲು” ಎನ್ನುತ್ತಾರೆ. ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಒಂದು ಅಪರಾಧವನ್ನೇ ಇನ್ನೊಂದು ಬಾಕಿಯ ರಸೀದಿಯೆಂದು ತೋರಿಸುವುದು ಎಂಥ ನ್ಯಾಯ? ಆ ಹಣ ಅವಳ ಕೈ ಸೇರಲಿಲ್ಲ. ಮದುವೆಯ ಊಟವನ್ನು ಉಂಡವರು ಬೀಗರು. “ಗಂಡನ ಮನೆಯಲ್ಲಿ ಅವಳಿಗೆ ಪಾಲಿದೆ” ಎನ್ನುತ್ತಾರೆ. ಗಂಡನಿರುವವರೆಗೆ ಅವನ ಪಿತ್ರಾರ್ಜಿತವನ್ನು ಭಾಗ ಮಾಡಿಕೊಡಿರೆಂದು ಕೇಳುವ ಸ್ವತಂತ್ರ ಅಧಿಕಾರ ಹೆಂಡತಿಗಿಲ್ಲ. ಅವನ ತರುವಾಯ ಮಕ್ಕಳೊಡನೆ, ಅತ್ತೆಯೊಡನೆ ಅವಳೂ ಒಬ್ಬ ವಾರಸುದಾರಳು, ಅಷ್ಟೇ. ಕುಡಿತದ ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳನ್ನು ಒಮ್ಮೆ ನೆನೆದುಕೊಂಡರೆ ಈ ವಾದದ ಪೊಳ್ಳು ತಿಳಿಯುತ್ತದೆ.

ಭೂಮಿ ತುಂಡಾಗುತ್ತದೆಂಬ ವಾದಕ್ಕೆ ಮಾತ್ರ ಸ್ವಲ್ಪ ತೂಕವಿದೆ. ಮಳೆಯನ್ನೇ ನಂಬಿದ ಎರೆಹೊಲದ ನಾಲ್ಕೆಕರೆಯಲ್ಲಿ ಒಂದು ಸಂಸಾರ ಬದುಕುವುದೇ ಪ್ರಯಾಸ. ಊರಿನಲ್ಲಿಯೇ ಉಳಿದು, ಸಾಲ ಹೊತ್ತು, ವೃದ್ಧ ತಂದೆತಾಯಿಗಳ ಸೇವೆ ಮಾಡಿದ ಮಗನ ಶ್ರಮವನ್ನು ಲೆಕ್ಕಕ್ಕೆ ಹಿಡಿಯದ ನ್ಯಾಯವು ನ್ಯಾಯವಲ್ಲ. ಹಕ್ಕಿನೊಡನೆ ಹೊಣೆಯೂ ಸಮನಾಗಿ ಬರುತ್ತದೆಂದು 2005ರ ತಿದ್ದುಪಡಿಯೇ ಹೇಳುತ್ತದೆ; ತಂದೆತಾಯಿಗಳನ್ನು ಪೋಷಿಸುವ ಹೊಣೆಯನ್ನು 2007ರ ಕಾಯಿದೆ ಮಗ ಮಗಳು ಇಬ್ಬರ ಮೇಲೂ ಹೊರಿಸಿದೆ. ಪಾಲು ಬೇಕೆನ್ನುವ ಮಗಳು ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲಿಯೂ ಪಾಲು ಹೊರಬೇಕು. ಆದರೆ ನಾಲ್ವರು ಅಣ್ಣತಮ್ಮಂದಿರು ಎಂಟೆಕರೆಯನ್ನು ಎರಡೆರಡಾಗಿ ಹರಿದುಕೊಳ್ಳುವಾಗ ಯಾರಿಗೂ ನೆನಪಾಗದ ತುಂಡುಭೂಮಿಯ ಅರ್ಥಶಾಸ್ತ್ರವು, ತಂಗಿಯ ಹೆಸರೆತ್ತಿದೊಡನೆ ಎಲ್ಲರಿಗೂ ನೆನಪಾಗುವುದೇಕೆ? ಪಾಲೆಂದರೆ ಬದು ಹಾಕುವುದೇ ಆಗಬೇಕಾಗಿಲ್ಲ. ಹೊಲ ಅಣ್ಣನ ಸಾಗುವಳಿಯಲ್ಲಿಯೇ ಇದ್ದು ಉತಾರದಲ್ಲಿ ಅವಳ ಹೆಸರೂ ಇರಬಹುದು. ವರ್ಷಕ್ಕೆ ಇಷ್ಟು ಜೋಳ, ಇಷ್ಟು ಕಡಲೆ ಎಂದು ಗೊತ್ತುಪಡಿಸಬಹುದು. ನಾಲ್ಕು ಕಂತುಗಳಲ್ಲಿ ಹಣ ಕೊಟ್ಟು ಕೊಳ್ಳಬಹುದು. ದಾರಿಗಳು ಅನೇಕವಿವೆ, ಹುಡುಕುವ ಮನಸ್ಸಿದ್ದರೆ.

ಇನ್ನೊಂದು ಪಕ್ಷವನ್ನೂ ಮರೆಯಬಾರದು. ಹೆಂಡತಿಯ ಹೆಸರಿನಲ್ಲಿ ದಾವೆ ಹೂಡಿಸಿ, ಬಂದ ಹಣವನ್ನು ತಾನು ಬಳಸಿಕೊಳ್ಳುವ ಅಳಿಯಂದಿರು ಇದ್ದಾರೆ. ಅಲ್ಲಿಯೂ ಸಹಿ ಅವಳದು, ಇಚ್ಛೆ ಬೇರೆಯವರದು. ಅಣ್ಣ ಬರೆಸಿದ ಬಿಡುಗಡೆ ಪತ್ರಕ್ಕೂ ಗಂಡ ಬರೆಸಿದ ಫಿರ್ಯಾದಿಗೂ ನೈತಿಕವಾಗಿ ನಾವು ಬಹಳ ಅಂತರ ಕಾಣಲಾರೆವು.

ಹಾಗಾದರೆ ಕಾನೂನನ್ನು ತಿಳಿಸಿಬಿಟ್ಟರೆ ಸಾಕೇ? ಸಾಲದು. ಇಲ್ಲಿ ವಿಷಯ ಕಠಿಣವಾಗುತ್ತದೆ. ಓದಿದ ಹೆಣ್ಣುಮಕ್ಕಳೂ, ಶಿಕ್ಷಕಿಯರೂ, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ, ಪತ್ರವನ್ನು ಪೂರ್ತಿ ಓದಿ, ಅರ್ಥ ಮಾಡಿಕೊಂಡು, ಒಳಗೊಳಗೇ ನೊಂದು ಸಹಿ ಮಾಡುತ್ತಾರೆ. ಅವರಿಗೆ ಕೊರತೆಯಾದದ್ದು ತಿಳಿವಳಿಕೆಯಲ್ಲ. ಒಲ್ಲೆನೆಂದರೆ ತೆರಬೇಕಾದ ಬೆಲೆ ಅವರಿಗೆ ಗೊತ್ತಿದೆ. ಮುಂದಿನ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ. ಮಗಳ ಮದುವೆಗೆ ಸೋದರಮಾವ ನಿಲ್ಲುವುದಿಲ್ಲ. ಬಾಣಂತನಕ್ಕೆ ಹೋಗಲು ಮನೆಯಿಲ್ಲ. ಗಂಡ ಹೊಡೆದ ರಾತ್ರಿ ತಟ್ಟಲು ಬಾಗಿಲಿಲ್ಲ. ಎರಡೆಕರೆಗೂ ತವರಿಗೂ ನಡುವೆ ಒಂದನ್ನು ಆರಿಸಿಕೋ ಎಂದು ತಕ್ಕಡಿ ಹಿಡಿದರೆ ಹೆಣ್ಣುಮಗಳು ತವರನ್ನೇ ಆರಿಸುತ್ತಾಳೆ. ಅದನ್ನು ನಾವು ತ್ಯಾಗವೆಂದು ಕರೆಯುತ್ತೇವೆ. ಅಂಥ ತಕ್ಕಡಿ ಹಿಡಿದ ಕೈಯನ್ನು ಏನೆಂದು ಕರೆಯಬೇಕೆಂಬುದನ್ನು ನಾವು ಯೋಚಿಸಿಯೇ ಇಲ್ಲ. ಆ ಕೈ ಅನೇಕ ಸಲ ತಾಯಿಯದೇ ಆಗಿರುತ್ತದೆ, ಅತ್ತಿಗೆಯದೂ ಆಗಿರುತ್ತದೆ. ತಮ್ಮ ತವರಿನಲ್ಲಿ ಸಹಿ ಹಾಕಿಬಂದವರು ಇತರರೂ ಹಾಕಲೆಂದು ಬಯಸುವುದು ಮನುಷ್ಯಸ್ವಭಾವ.

ಆದುದರಿಂದ ಅರಿವಿನೊಡನೆ ಆಸರೆಯೂ ಬೇಕು. ಒಬ್ಬಳೇ ಕೇಳಿದರೆ ಅವಳು ಆಸೆಬುರುಕಿ. ಊರಿನಲ್ಲಿ ಇಪ್ಪತ್ತು ಮನೆಯ ಹೆಣ್ಣುಮಕ್ಕಳು ಕೇಳಿದರೆ ಅದು ಊರಿನ ರೂಢಿ. ವ್ಯಕ್ತಿಯ ಧೈರ್ಯವನ್ನು ಸಮುದಾಯದ ರೂಢಿಯಾಗಿ ಮಾರ್ಪಡಿಸುವವರನ್ನೇ ಮುಂದಾಳುಗಳೆನ್ನುವುದು. ನಮ್ಮ ಗ್ರಾಮಗಳಲ್ಲಿ ಅಂಥ ಮುಂದಾಳುತನ ಸ್ತ್ರೀಯರಿಂದ ಬರಬೇಕೆಂಬ ಉದ್ದೇಶದಿಂದಲೇ ಕೆಲವು ಏರ್ಪಾಡುಗಳಾಗಿವೆ. ಕರ್ನಾಟಕದ 1983ರ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಗಳಲ್ಲಿಯೇ ಮಂಡಲ ಪಂಚಾಯಿತಿಗಳ ಶೇಕಡ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದುವು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ಮೂರನೆಯ ಒಂದರಂತೆ ವಿಧಿಸಿತು. ನಮ್ಮ ರಾಜ್ಯ 2010ರಲ್ಲಿ ಅರ್ಧಕ್ಕೆ ಏರಿಸಿತು. 2000ದಿಂದೀಚೆಗೆ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗೂ ಬಂದಿವೆ.

ಇಷ್ಟಾದರೂ ಎಷ್ಟೋ ಪಂಚಾಯಿತಿಗಳಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ, ಕೆಲವೆಡೆ ಆ ಕುರ್ಚಿಯಲ್ಲಿಯೇ, ಅವಳ ಪತಿ ಕುಳಿತಿರುವುದನ್ನು ತಾವು ಕಂಡಿದ್ದೀರಿ. ಠರಾವಿನ ಕೆಳಗೆ ಅವಳ ಸಹಿ, ಠರಾವು ಅವನದು. ತವರಿನಲ್ಲಿ ಸಹಿ ಮಾಡಲು ಅಭ್ಯಾಸವಾದ ಕೈಯಿಂದಲೇ ಪಂಚಾಯಿತಿಯಲ್ಲಿಯೂ ಸಹಿ ಮಾಡಿಸುವುದು ಸುಲಭ. ಇದನ್ನು ನಗೆಯ ವಿಷಯ ಮಾಡಿಕೊಂಡಿರುವವರು ಒಂದು ಮಾತನ್ನು ಗಮನಿಸಿಲ್ಲ: ಮೊದಲ ಅವಧಿಯಲ್ಲಿ ಮೌನವಾಗಿ ಕುಳಿತವಳು ಎರಡನೆಯ ಅವಧಿಯಲ್ಲಿ ಲೆಕ್ಕ ಕೇಳತೊಡಗಿದ ಊರುಗಳೂ ಇವೆ. ಸಂಘದಲ್ಲಿ ಹತ್ತು ಸಾವಿರದ ಸಾಲದ ಪುಸ್ತಕ ಬರೆದು, ಬಡ್ಡಿ ಲೆಕ್ಕ ಹಾಕಿ, ಬ್ಯಾಂಕಿನವರನ್ನು ಎದುರಿಸಿ ಮಾತನಾಡಿದ ಹೆಣ್ಣುಮಗಳಿಗೆ ಕಾಗದದ ಭಯ ಹೋಗುತ್ತದೆ. ಅವಳ ಪಕ್ಕದಲ್ಲಿ ಅಂಥವರೇ ಹತ್ತು ಮಂದಿ ಇದ್ದಾರೆ ಎಂಬುದು ಇನ್ನೂ ದೊಡ್ಡದು. ಅಣ್ಣ ಪಂಚಮಿಗೆ ಕರೆಯದಿದ್ದರೆ ಉಂಡಿ ಕಟ್ಟಿಕೊಂಡು ಬರಲು ಆ ಹತ್ತು ಮಂದಿ ಇದ್ದಾರೆ.

ಒಂದು ಕೆಲಸ ಊರಿನ ಹಿರಿಯರ ಕೈಯಲ್ಲಿದೆ. ಮನೆ ಪಾಲಾಗುವಾಗ ಕುಳಿತುಕೊಳ್ಳುವ ಪಂಚರೆಲ್ಲ ಪುರುಷರೇ. ಅವರಲ್ಲಿ ಇಬ್ಬರು ಹಿರಿಯ ಸ್ತ್ರೀಯರಿರಲಿ. ಪಂಚಾಯಿತಿಯ ಸದಸ್ಯೆಯಿರಲಿ, ಸಂಘದ ಹಿರಿಯಳಿರಲಿ. ಪುರುಷರ ಮುಂದೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು “ನೀವು ಹೇಳಿದಂಗ ಆಗ್ಲಿರಿ” ಎನ್ನುವ ಹೆಣ್ಣುಮಗಳು, ಆ ಹಿರಿಯಳನ್ನು ಒಳಮನೆಗೆ ಕರೆದು ಮನಸ್ಸಿನಲ್ಲಿದ್ದದ್ದನ್ನು ಹೇಳಿಯಾಳು.

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿ ಇಂದು ವಕೀಲರಾಗಿ, ಕಂದಾಯ ಇಲಾಖೆಯಲ್ಲಿ, ನೋಂದಣಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಇರುವ ಹಳೆಯ ವಿದ್ಯಾರ್ಥಿಗಳಿಗೆ ಇನ್ನು ನಾವು ಹೇಳುವುದು. ಈ ಪತ್ರಗಳೆಲ್ಲ ತಮ್ಮ ಮೇಜುಗಳನ್ನು ದಾಟಿಯೇ ಹೋಗುತ್ತವೆ. ಬರೆಯುವವರು ತಾವು, ಗುರುತಿಸುವವರು ತಾವು, ವಾರಸಾ ದಾಖಲಿಸುವವರು ತಾವು. ಸಹಿ ಹಾಕುವವಳಿಗೆ ಪತ್ರವನ್ನು ಅವಳ ಆಡುಮಾತಿನಲ್ಲಿ ಓದಿ ಹೇಳಲು ಹತ್ತು ನಿಮಿಷ ಸಾಕು. ಅಣ್ಣತಮ್ಮಂದಿರನ್ನು ಹೊರಗೆ ಕೂಡಿಸಿ ಆ ಹತ್ತು ನಿಮಿಷ ಓದಿರಿ. ಭೂಮಿಯ ಹಕ್ಕು ನೋಂದಣಿಯಾದ ಪತ್ರದಿಂದಲೇ ಬಿಟ್ಟುಹೋಗಬೇಕು. ಉತಾರದಲ್ಲಿ ಹೆಸರು ಬಿಟ್ಟುಹೋದ ಮಾತ್ರಕ್ಕೆ, ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಕೈಬಿಟ್ಟ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲವೆಂದು ಅವಳಿಗೆ ಹೇಳಿರಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಪಂಚನಾಮೆ ಬರೆದು ತಂದರೆ ಅದಕ್ಕೆ ರುಜು ಹಾಕದಿರಿ. ಹುಟ್ಟಿದ ಮಗಳನ್ನು ಹುಟ್ಟಿಲ್ಲವೆಂದು ಬರೆಯುವುದು ಸುಳ್ಳು, ಅದಕ್ಕೆ ಬೇರೆ ಹೆಸರಿಲ್ಲ. 1872ರ ಕರಾರು ಕಾಯಿದೆಯು ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆಗಳಿಂದ ಪಡೆದ ಸಮ್ಮತಿಯನ್ನು ಸ್ವತಂತ್ರ ಸಮ್ಮತಿಯೆಂದು ಒಪ್ಪುವುದಿಲ್ಲ. ಅಂಥ ಪತ್ರವನ್ನು ರದ್ದುಪಡಿಸಲು ಸಂಗತಿ ತಿಳಿದಂದಿನಿಂದ ಮೂರು ವರ್ಷಗಳ ಅವಧಿಯಿದೆ. ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಹೇಳಿದೆ. ಅದರ ಸಮಿತಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಇದೆ. ಇವು ತಮಗೆ ಪಾಠದಂತೆ ಬಾಯಿಗೆ ಬರುವ ಸಂಗತಿಗಳು. ಬೇಕಾದವಳಿಗೆ ಮಾತ್ರ ತಲುಪಿಲ್ಲ.

ಎಲ್ಲ ಹೆಣ್ಣುಮಕ್ಕಳೂ ದಾವೆ ಹೂಡಲಿ, ಎಲ್ಲ ತವರುಗಳೂ ಒಡೆಯಲಿ ಎಂಬುದು ನಮ್ಮ ಆಶಯವಲ್ಲ. ತಿಳಿದು, ಒಲಿದು ಬಿಟ್ಟುಕೊಡುವ ಅಕ್ಕತಂಗಿಯರು ಇದ್ದಾರೆ. ಅವರ ತ್ಯಾಗಕ್ಕೆ ನಾವು ಶರಣೆನ್ನುತ್ತೇವೆ. ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆ ಗೊತ್ತಿದೆ. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದುತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದುಬರಲು ಹೇಳಿದವಳು ಆಕೆ. ನಾವು ಆ ಕಥೆಯನ್ನು ನಿರಾಸೆಯ ದೃಷ್ಟಾಂತವಾಗಿ ಮಾತ್ರ ಹೇಳುತ್ತ ಬಂದಿದ್ದೇವೆ. ಆದರೆ ಎಷ್ಟು ತಮ್ಮದು, ಎಷ್ಟು ಹೆಚ್ಚು ಎಂಬ ಅಳತೆಯನ್ನು ಲಕ್ಕಮ್ಮ ಬಲ್ಲಳು. ಪತಿಗೆ ಬೇಡವೆಂದು ಹೇಳುವ ದನಿಯೂ ಅವಳಿಗಿತ್ತು. ಅವನು ಕೇಳಿದನು ಕೂಡ. ಆ ಅಳತೆ, ಆ ದನಿ, ಕೇಳುವ ಆ ಕಿವಿ ಇದ್ದ ಮನೆಯಲ್ಲಿ ಸುರಿದುಬಂದ ಅಕ್ಕಿಯೇ ತ್ಯಾಗವಾಯಿತು.

ತಮ್ಮ ಮನೆಯಲ್ಲಿ ಆದದ್ದು ಯಾವ ಬಗೆಯದೆಂದು ಸಂಶಯವುಳ್ಳ ಅಣ್ಣಂದಿರಿಗೆ ಒಂದು ಪರೀಕ್ಷೆಯುಂಟು. ಅವಳು ಅಂದು ಒಲ್ಲೆನೆಂದಿದ್ದರೆ ಬರುವ ಪಂಚಮಿಗೆ ತಾವು ಕರೆಯಲು ಹೋಗುತ್ತಿದ್ದಿರಾ? ಹೌದೆಂದು ಎದೆ ಮುಟ್ಟಿ ಹೇಳಬಲ್ಲಿರಾದರೆ ಅವಳು ಕೊಟ್ಟಿದ್ದಾಳೆ. ಇಲ್ಲವೆಂದಾದರೆ ಈಗಲೂ ಕಾಲ ಮೀರಿಲ್ಲ. ಹೋಗಿ ಕೇಳಬಹುದು. ಆ ಪಾದಪೂಜೆಯ ಮನೆಯ ತಾಯಿ ಹೇಳಿದಂತೆ, ಕೇಳಿದರೆ ಕೊಡುವವರೇ ಬಹಳ.

ಮಠದಲ್ಲಿ ಉತಾರ, ಕೋರ್ಟುಗಳ ಮಾತೇಕೆ ಎಂದು ಕೆಲವು ಹಿರಿಯರು ಈಗಾಗಲೇ ಕೇಳಿದ್ದಾರೆ. ಅವರಲ್ಲಿ ನಮಗೆ ಗೌರವವಿದೆ. ಮನೆ ಪಾಲಿನ ಜಗಳ ಹೊತ್ತು ಅಣ್ಣತಮ್ಮಂದಿರು ಗದ್ದುಗೆಯ ಮುಂದೆ ಬಂದು ಆಣೆ ಪ್ರಮಾಣ ಮಾಡುವುದು ಎಷ್ಟೋ ತಲೆಮಾರುಗಳಿಂದ ನಡೆದೇ ಇದೆ. ಅಕ್ಕತಂಗಿಯರೂ ಬಂದರೆ ಹೊಸದೇನೂ ಆಗದು. ಬರುವ ಶ್ರಾವಣದ ಪ್ರವಚನ ಕಾಲದಲ್ಲಿ ಪ್ರತಿ ಸೋಮವಾರ ಮಧ್ಯಾಹ್ನ, ಮಹಾಪ್ರಸಾದವಾದ ಮೇಲೆ, ತಾಯಂದಿರಿಗಾಗಿ ಒಂದು ಗಂಟೆಯನ್ನು ಮೀಸಲಿಡಲಾಗುವುದು. ವಕೀಲಿ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು, ವಿಶೇಷವಾಗಿ ವಕೀಲೆಯರು, ಸರದಿಯಂತೆ ಬಂದು ಕೂಡಬೇಕೆಂದು ಕೋರುತ್ತೇವೆ. ತಾಯಂದಿರು ಬರುವಾಗ ತಮ್ಮ ಬಳಿಯಿರುವ ಕಾಗದಗಳನ್ನು ತರಲಿ. ಓದಲು ಬಾರದಿದ್ದವರು ಹೈಸ್ಕೂಲಿಗೆ ಹೋಗುವ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆತರಲಿ.